ಹೊಟ್ಟೆಗೆ ಹಾಕಿಕೊಳ್ಳುವುದು ಬೇರೆ, ಮುಚ್ಚಿಹಾಕುವುದು ಬೇರೆ



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ಅದಕ್ಕೆ ಮುಂಚಿನ ಒಂಬತ್ತು ದಿನ ನವೇನ, ಜಪಮಾಲೆ, ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ. ಕರಾವಳಿಯಿಂದ ಬಂದು ನಮ್ಮ ಕಲಬುರಗಿ ಸೀಮೆಯಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದೇ ತೆನೆ ಹಬ್ಬ, ಮೊಂತಿ ಹಬ್ಬ. ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸಬೇಕು, ದೂರದಲ್ಲಿರುವವರಿಗೆ ಅಂಚೆಯಲ್ಲಾದರೂ ಕಳುಹಿಸಬೇಕು ಎಂಬುದು ಅವರ ರೂಢಿ. ಒಟ್ಟಿಗೆ ಕೂರುವುದೇ ಈ ಹಬ್ಬದ ಜೀವ. ಆದರೆ ಒಟ್ಟಿಗೆ ಕೂರಲಾಗದ ಮನೆಗಳೂ ನಮ್ಮಲ್ಲಿವೆ. ಅಣ್ಣ ಬರುತ್ತಾನೆಂದರೆ ತಮ್ಮ ಬರುವುದಿಲ್ಲ. ಅತ್ತಿಗೆ ಇರುವ ಕೋಣೆಗೆ ನಾದಿನಿ ಕಾಲಿಡುವುದಿಲ್ಲ. ಕಾರಣ ಕೇಳಿದರೆ ಎಂದೋ ನಡೆದ ಒಂದು ತಪ್ಪು. ಆ ತಪ್ಪಿನ ಬಗ್ಗೆ ಊರೆಲ್ಲ ಮಾತಾಡಿದೆ. ಅವರಿಬ್ಬರು ಮಾತ್ರ ಮಾತಾಡಿಲ್ಲ.

ಮೂರು ವರ್ಷಕ್ಕೊಮ್ಮೆ, ಪೂಜಾವಿಧಿಯ ‘ಎ’ ವರ್ಷದಲ್ಲಿ, ಈ ಹಬ್ಬದ ಆಸುಪಾಸಿನಲ್ಲಿಯೇ ಸಾಧಾರಣ ಕಾಲದ 23ನೆಯ ಭಾನುವಾರ ಬರುತ್ತದೆ. ಅಂದಿನ ಶುಭಸಂದೇಶ ಮತ್ತಾಯ 18:15-20. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನಿಗೆ ತಿಳಿಸಿಕೊಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಧರ್ಮಸಭೆಗೆ ತಿಳಿಸು ಎಂದು ಪ್ರಭು ಅಲ್ಲಿ ಕಲಿಸುತ್ತಾರೆ. ಜೊತೆಗೆ ಓದುವ ಮೊದಲನೆಯ ವಾಚನ ಪ್ರವಾದಿ ಯೆಜೆಕಿಯೇಲನದು (33:7-9). ಕಾವಲುಗಾರನು ಅಪಾಯ ಕಂಡೂ ಕೂಗಿ ಎಚ್ಚರಿಸದಿದ್ದರೆ ಸತ್ತವನ ಪ್ರಾಣಕ್ಕೆ ಅವನೇ ಹೊಣೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳ ಹಾಲುಗಾಳಾದಾಗ ಮಂಚಿಕೆಯ ಮೇಲೆ ಕುಳಿತವನು ಹಕ್ಕಿ ಬಂದರೂ ಸುಮ್ಮನಿದ್ದರೆ ಅವನನ್ನು ಯಾರೂ ಸಾಧುವೆನ್ನುವುದಿಲ್ಲ. ಎರಡನೆಯ ವಾಚನದಲ್ಲಿ ಸಂತ ಪೌಲರು, ಪ್ರೀತಿಯೊಂದನ್ನು ಬಿಟ್ಟು ಬೇರಾವ ಸಾಲವನ್ನೂ ಉಳಿಸಿಕೊಳ್ಳಬೇಡಿ ಎನ್ನುತ್ತಾರೆ (ರೋಮನರಿಗೆ 13:8-10). ಧರ್ಮಸಭೆ ಈ ಮೂರನ್ನೂ ಒಂದೇ ದಿನಕ್ಕೆ ಜೋಡಿಸಿಟ್ಟಿರುವುದು ಸುಮ್ಮನೆ ಅಲ್ಲ.

ನಮ್ಮ ಕನ್ನಡದಲ್ಲಿ ತಪ್ಪಿನ ಸಂಗಡ ಬರುವ ಮೂರು ಮಾತುಗಳಿವೆ. ಒಂದು, ಹೊಟ್ಟೆಗೆ ಹಾಕಿಕೊಳ್ಳುವುದು. ಇನ್ನೊಂದು, ಮುಚ್ಚಿಹಾಕುವುದು. ಮತ್ತೊಂದು, ಬೀದಿಗೆ ಎಳೆಯುವುದು. ಮೊದಲನೆಯದು ಕ್ಷಮೆ. ಉಳಿದೆರಡೂ ಕ್ಷಮೆಯಲ್ಲ. ಆದರೆ ಎಷ್ಟೋ ಸಲ ಮುಚ್ಚಿಹಾಕುವುದನ್ನೇ ನಾವು ದಯೆ ಎಂದು ಕರೆಯುತ್ತೇವೆ, ಬೀದಿಗೆ ಎಳೆಯುವುದನ್ನೇ ಸತ್ಯ ಎಂದು ಕರೆಯುತ್ತೇವೆ. ಹೊಟ್ಟೆಗೆ ಹಾಕಿಕೊಳ್ಳಬೇಕಾದರೂ ಮೊದಲು ಕೈಯಲ್ಲಿ ಹಿಡಿದು ನೋಡಬೇಕಲ್ಲವೇ? ಇದು ಇಂಥ ತಪ್ಪು, ಇದರಿಂದ ಇಂಥವರಿಗೆ ನೋವಾಯಿತು ಎಂದು ಗುರುತಿಸದೆ ಇದ್ದರೆ ಕ್ಷಮಿಸಲಿಕ್ಕೆ ಅಲ್ಲಿ ಏನೂ ಇರುವುದಿಲ್ಲ.

ತಾಜಸುಲ್ತಾನಪುರದ ಕಡೆ ಮನೆಭೇಟಿಗೆ ಹೋದಾಗ ಚಹಾ ಲೋಟ ಕೈಗೆ ಬರುವ ಮುಂಚೆಯೇ ಒಂದು ಮಾತು ಕಿವಿಗೆ ಬೀಳುತ್ತದೆ: “ನಾ ಹೇಳಿದ್ರ ಜಗಳ ಆಗ್ತದ, ನೀವೇ ಒಂದ್ ಮಾತ್ ಹೇಳ್ರಿ ಫಾದರ್.” ಯಾರಿಗೆ ಹೇಳಬೇಕು? ಕುಡಿಯುವ ಮಗನಿಗೆ, ಹಣ ಹಿಂದಿರುಗಿಸದ ಅಳಿಯನಿಗೆ, ಗೋಡೆ ಒಂದಡಿ ಮುಂದೆ ಕಟ್ಟಿದ ನೆರೆಯವನಿಗೆ. ಗುರುಗಳ ಕಿವಿಗೆ ಬರುವಷ್ಟರಲ್ಲಿ ವಿಷಯ ಓಣಿಯ ಬಾವಿಕಟ್ಟೆ ದಾಟಿ ಹೋಗಿರುತ್ತದೆ. ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಕಂಡದ್ದನ್ನು ತಪ್ಪಿದವನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಹೇಳುತ್ತೇವೆ. ಪ್ರಭು ಹಾಕಿಕೊಟ್ಟ ಕ್ರಮವನ್ನು ತಲೆಕೆಳಗೆ ಮಾಡಿದರೆ ಹೇಗೋ ಹಾಗೆ: ಮೊದಲು ಊರಿಗೆ, ಆಮೇಲೆ ಇಬ್ಬರು ಮೂವರಿಗೆ, ಕೊನೆಗೆ ಎಂದಾದರೂ ಒಮ್ಮೆ ಅವನಿಗೆ.

“ಸುಳ್ಳೇನು ಹೇಳಿಲ್ಲವಲ್ಲ, ಇದ್ದದ್ದೇ ಹೇಳಿದೆ” ಎನ್ನುವವರಿದ್ದಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದಕ್ಕೆ ನೇರ ಉತ್ತರ ಕೊಡುತ್ತದೆ (2477ನೆಯ ಪರಿಚ್ಛೇದ). ಇಲ್ಲದ ತಪ್ಪನ್ನು ಹೊರಿಸುವುದು ಹೇಗೆ ಪಾಪವೋ, ಇರುವ ತಪ್ಪನ್ನು ತಕ್ಕ ಕಾರಣವಿಲ್ಲದೆ ಅದನ್ನರಿಯದವರಿಗೆ ತಿಳಿಸುವುದೂ ಪಾಪವೇ. ಮಾತು ನಿಜವಾಗಿದ್ದ ಮಾತ್ರಕ್ಕೆ ಅದನ್ನು ಯಾರಿಗೆ ಬೇಕಾದರೂ ಹೇಳುವ ಹಕ್ಕು ನಮಗೆ ಬರುವುದಿಲ್ಲ. ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಬೆರಳು ಒತ್ತುವ ಮುಂಚೆ ಇದನ್ನು ನೆನೆದರೆ ಒಳ್ಳೆಯದು.

ಹಾಗಾದರೆ ಸುಮ್ಮನಿರಬೇಕೇ? ಸಂತ ಅಗಸ್ಟೀನರು ಇದೇ ವಾಕ್ಯದ ಮೇಲೆ ಪ್ರಬೋಧನೆ ನೀಡುತ್ತಾ, ಸಹೋದರನ ತಪ್ಪನ್ನು ಕಂಡೂ ತಿದ್ದದೆ ಮೌನವಾಗಿರುವವನು ತಪ್ಪು ಮಾಡಿದವನಿಗಿಂತ ಕಡೆ ಎಂಬಷ್ಟು ಕಟುವಾಗಿ ಮಾತಾಡಿದ್ದಾರೆ. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಏಳು ಆಧ್ಯಾತ್ಮಿಕ ದಯಾಕಾರ್ಯಗಳನ್ನು ಬಾಯಿಪಾಠ ಮಾಡಿದ್ದು ನೆನಪಿದೆಯೇ? ಅಪರಾಧಗಳನ್ನು ಕ್ಷಮಿಸುವುದು ಆ ಪಟ್ಟಿಯಲ್ಲಿದೆ. ಪಾಪಿಗಳನ್ನು ಎಚ್ಚರಿಸುವುದೂ ಅದೇ ಪಟ್ಟಿಯಲ್ಲಿದೆ! ತಪ್ಪನ್ನು ತಪ್ಪೆಂದು ಹೇಳುವುದನ್ನು ನ್ಯಾಯದ ಲೆಕ್ಕಕ್ಕೆ ಸೇರಿಸದೆ, ದಯೆಯ ಲೆಕ್ಕಕ್ಕೇ ಸೇರಿಸಿದ್ದಾರೆ ನಮ್ಮ ಹಿರಿಯರು. ಸಂತ ಥಾಮಸ್ ಅಕ್ವೀನಾಸರು ಕೂಡ ಸಹೋದರನನ್ನು ತಿದ್ದುವುದನ್ನು ಪ್ರೀತಿಯ ಕಾರ್ಯ ಎಂದೇ ವಿವರಿಸುತ್ತಾರೆ. ಆದರೆ ಎಲ್ಲ ಹೊತ್ತಿನಲ್ಲೂ ಎಲ್ಲ ಜಾಗದಲ್ಲೂ ಅಲ್ಲ, ಹೇಳಿದರೆ ಅವನು ಇನ್ನೂ ಕೆಡುವನೆಂದು ತೋರಿದರೆ ತಕ್ಕ ಸಮಯಕ್ಕೆ ಕಾಯಬಹುದು ಎಂದೂ ಸೇರಿಸುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಮಹಿಳಾ ಸ್ವಸಹಾಯ ಸಂಘವಿದೆ ಎಂದುಕೊಳ್ಳಿ. ಹದಿನೈದು ಮಂದಿ, ವಾರಕ್ಕೆ ಐವತ್ತು ರೂಪಾಯಿ ಉಳಿತಾಯ. ಲೆಕ್ಕದ ಪುಸ್ತಕ ಒಬ್ಬ ಅಕ್ಕನ ಬಳಿ. ಗಂಡ ಆಸ್ಪತ್ರೆ ಸೇರಿದಾಗ ಆಕೆ ಯಾರಿಗೂ ಹೇಳದೆ ಸಂಘದ ಹನ್ನೆರಡು ಸಾವಿರ ರೂಪಾಯಿ ತೆಗೆದು ಕಟ್ಟಿದ್ದಾಳೆ. ಮುಂದಿನ ತಿಂಗಳು ಇಟ್ಟುಬಿಡೋಣ ಎಂದುಕೊಂಡದ್ದು ಆಗಲಿಲ್ಲ. ಪಾಸ್‌ಬುಕ್ ನೋಡಿದ ಇನ್ನೊಬ್ಬಳಿಗೆ ಇದು ತಿಳಿಯಿತು. ಈಗ ಅವಳೇನು ಮಾಡಬೇಕು?

ಮುಂದಿನ ಸಭೆಯಲ್ಲಿ ಎಲ್ಲರೆದುರು ಪಾಸ್‌ಬುಕ್ ಎತ್ತಿ ತೋರಿಸಬಹುದು. ಹಣ ಬಂದರೂ ಬರಬಹುದು, ಆದರೆ ಆ ಅಕ್ಕ ಮತ್ತೆ ದೇವಾಲಯದ ಮೆಟ್ಟಿಲು ಹತ್ತಲಾರಳು. ಅವಳ ಮಕ್ಕಳನ್ನು ಶಾಲೆಯಲ್ಲಿ ಬೇರೆ ಮಕ್ಕಳು ಆಡಿಕೊಳ್ಳುವರು. ಇಲ್ಲವೇ, ಪಾಪ, ಕಷ್ಟದಲ್ಲಿದ್ದಾಳೆ ಎಂದು ಸುಮ್ಮನಿರಬಹುದು. ಆಗ ಹೆರಿಗೆಗೋ ಮಗಳ ಕಾಲೇಜು ಶುಲ್ಕಕ್ಕೋ ಆ ಹಣವನ್ನೇ ನಂಬಿರುವ ಉಳಿದವರ ಗತಿ? ಅವರೂ ಕಷ್ಟದಲ್ಲಿರುವವರೇ. ಇನ್ನೊಬ್ಬರ ಜೇಬಿನಿಂದ ನಾವು ದಯೆ ತೋರಿಸುವ ಹಾಗಿಲ್ಲ.

ಶುಭಸಂದೇಶದ ದಾರಿ ಹಿಡಿದರೆ, ಕಂಡವಳು ಒಂದು ಸಂಜೆ, ಮಕ್ಕಳು ಟ್ಯೂಷನ್‌ಗೆ ಹೋದ ಹೊತ್ತಿನಲ್ಲಿ, ಒಬ್ಬಳೇ ಆಕೆಯ ಮನೆಗೆ ಹೋಗುತ್ತಾಳೆ. “ಅಕ್ಕಾ, ಪಾಸ್‌ಬುಕ್ಕಿನಾಗ ಹನ್ನೆರಡ್ ಸಾವಿರ ಕಮ್ಮಿ ಕಾಣ್ತದ. ಏನಾಗ್ಯಾದ ಹೇಳು.” ಗಮನಿಸಿ, ಇದು ಪ್ರಶ್ನೆ. ತೀರ್ಪು ಅಲ್ಲ. ಬ್ಯಾಂಕಿನವರ ತಪ್ಪೂ ಇರಬಹುದು, ನಾವು ನೋಡಿದ್ದರಲ್ಲೇ ತಪ್ಪಿರಬಹುದು. ಒಬ್ಬನೇ ಹೋಗು ಎಂದು ಪ್ರಭು ಹೇಳಿದ್ದರಲ್ಲಿ ತಪ್ಪಿದವನ ಮಾನ ಕಾಯುವ ಕಾಳಜಿಯಿದೆ. ನಮ್ಮ ದೂರೇ ಸುಳ್ಳಾಗಿದ್ದರೆ ನಾವು ಅಲ್ಲಿಯೇ ತಿದ್ದಿಕೊಳ್ಳುವ ಅವಕಾಶವೂ ಇದೆ. ಎರಡು ಮೂರು ಸಾಕ್ಷಿಗಳ ನಿಯಮವೂ ಹಾಗೆಯೇ. ಅದು ಧರ್ಮೋಪದೇಶಕಾಂಡದಿಂದ (19:15) ಬಂದದ್ದು. ಒಬ್ಬನ ಮಾತನ್ನೇ ನಂಬಿ ಯಾರನ್ನೂ ಅಪರಾಧಿ ಎನ್ನಬಾರದೆಂಬುದು ಅದರ ಉದ್ದೇಶ. ನಾವು ಸಾಮಾನ್ಯವಾಗಿ ಜೊತೆಗೆ ಕರೆದೊಯ್ಯುವುದು ನಮ್ಮ ಪರವಾಗಿ ಗಟ್ಟಿಯಾಗಿ ಕೂಗುವವರನ್ನು. ಪ್ರಭು ಹೇಳಿದ್ದು ಎರಡೂ ಕಡೆಯ ಮಾತನ್ನು ಕೇಳಬಲ್ಲವರನ್ನು.

ಆಕೆ ಒಪ್ಪಿಕೊಂಡಳು ಎನ್ನೋಣ. ಅಷ್ಟಕ್ಕೇ ಮುಗಿಯಿತೇ? ಜಕ್ಕಾಯನ ಮನೆಯ ಸಂಗತಿ ನೋಡಿ (ಲೂಕ 19:1-10). ಯೇಸು ಮರದ ಕೆಳಗೆ ನಿಂತು ಅವನ ಲೆಕ್ಕ ಕೇಳಲಿಲ್ಲ. ನಿನ್ನ ಮನೆಯಲ್ಲಿ ತಂಗಬೇಕೆಂದರು. ಲೆಕ್ಕ ಜಕ್ಕಾಯನ ಬಾಯಿಂದಲೇ ಹೊರಬಂತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು. ಪ್ರೀತಿ ಮುಂದೆ ಹೋಯಿತು, ಹಣ ಅದರ ಹಿಂದೆ ಹೊರಬಂತು. ಆದರೆ ಬಂದದ್ದಂತೂ ನಿಜ! ಪಾಪನಿವೇದನೆಯಲ್ಲಿ ಪಾಪಕ್ಷಮೆ ದೊರೆತರೂ ಪಾಪದಿಂದಾದ ಹಾನಿ ತನ್ನಷ್ಟಕ್ಕೆ ಸರಿಹೋಗುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ (1459). ನಮ್ಮ ಅಕ್ಕ ತಿಂಗಳಿಗೆ ಒಂದು ಸಾವಿರದಂತೆ ಕಟ್ಟಬೇಕು. ಆಕೆಯ ಕೈಯಲ್ಲಿ ಆಗದಿದ್ದರೆ ಸಹಾಯ ಮಾಡುವವರು ಮಾಡಲಿ, ಅದು ದಾನವೆಂದು ತಿಳಿದೇ ಮಾಡಲಿ. ಸಂಘದವರಿಗೆ ತಮ್ಮ ಹಣದ ವಿಷಯ ತಿಳಿಯುವ ಹಕ್ಕಿದೆ. ಅದನ್ನು ಆಕೆಯೇ ಹೇಳಲಿ, ಪಕ್ಕದಲ್ಲಿ ಈ ಗೆಳತಿ ಕುಳಿತಿರಲಿ. ಲೆಕ್ಕದ ಪುಸ್ತಕ ಕೆಲವು ಕಾಲ ಬೇರೆಯವರ ಕೈಗೆ ಹೋಗಲಿ. ಕ್ಷಮಿಸಿದ ಮರುದಿನವೇ ಅದೇ ಬೀಗದ ಕೈ ಅದೇ ಕೈಗೆ ಕೊಡಬೇಕೆಂದು ಶುಭಸಂದೇಶ ಎಲ್ಲೂ ಹೇಳಿಲ್ಲ. ಆದರೆ ಚಾಪೆಯ ಮೇಲೆ ಆಕೆಯ ಜಾಗ ಹಾಗೆಯೇ ಇರಲಿ.

ಮತ್ತಾಯನ 18ನೆಯ ಅಧ್ಯಾಯದಲ್ಲಿ ಈ ವಾಕ್ಯ ಎಲ್ಲಿ ಕುಳಿತಿದೆ ಎಂಬುದನ್ನೂ ನೋಡಬೇಕು. ಇದರ ಹಿಂದೆಯೇ ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಹೋದ ಕುರಿಗಾಹಿಯ ಕತೆ. ಮುಂದೆ, ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳಿದ ಪ್ರಶ್ನೆ, ಹತ್ತು ಸಾವಿರ ತಲೆಂತಿನ ಸಾಲ ಮಾಫಿಯಾದರೂ ನೂರು ದಿನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದ ಸೇವಕನ ಸಾಮತಿ. ನೂರು ದಿನಾರಿ ಎಂದರೆ ನೂರು ದಿನದ ಕೂಲಿ, ಸಣ್ಣ ಹಣವಲ್ಲ. ಆದರೂ ಮಾಫಿಯಾದ ಸಾಲದ ಮುಂದೆ ಅದು ಲೆಕ್ಕಕ್ಕಿಲ್ಲ. ಕುರಿ ಹುಡುಕುವವನು, ಸಾಲ ಮಾಫಿ ಮಾಡಿಸಿಕೊಂಡವನು ಹೋಗಿ ತಿದ್ದಬೇಕು. ಬೇರೆಯವರು ಹೋದರೆ ಅದು ತಿದ್ದುವುದಾಗುವುದಿಲ್ಲ, ಜಗಳವಾಗುತ್ತದೆ. ಈ ನೆಲದಲ್ಲಿ, ಬಸವಕಲ್ಯಾಣದ ಶರಣರೂ ಇನ್ನೊಬ್ಬರನ್ನು ತಿದ್ದುವ ಮುಂಚೆ ತಮ್ಮನ್ನು ತಿದ್ದಿಕೊಳ್ಳಿ ಎಂದೇ ಹೇಳಿದರು. ಅನ್ಯರ ಕಣ್ಣಿನ ರವೆಯ ಮಾತನ್ನು ಯೇಸು ಆಡಿದ್ದು ನಮಗೆ ಗೊತ್ತೇ ಇದೆ. ಆದರೆ ನನ್ನ ಕಣ್ಣಿನ ತೊಲೆ ತೆಗೆದ ಮೇಲೆ ಆ ರವೆಯನ್ನೂ ತೆಗೆಯಬೇಕೆಂದು ಅಲ್ಲಿಯೇ ಇದೆ (ಮತ್ತಾಯ 7:5). ವಾಕ್ಯದ ಆ ಕೊನೆಯ ಭಾಗವನ್ನು ನಾವು ನುಂಗಿಬಿಡುತ್ತೇವೆ.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ (ಯೊವಾನ್ನ 8:1-11) ಇಲ್ಲಿ ನೆನಪಾಗದೆ ಇರದು. ಒಂದು ಪ್ರಶ್ನೆ: ಗಂಡಸು ಎಲ್ಲಿ ಹೋದ? ಯಾಜಕಕಾಂಡದ ನಿಯಮದಂತೆ (20:10) ಇಬ್ಬರೂ ಅಪರಾಧಿಗಳೇ. ಎಳೆದು ತಂದದ್ದು ಮಾತ್ರ ಒಬ್ಬಳನ್ನು. ಕೈಗೆ ಸಿಕ್ಕ ಬಡಪಾಯಿಯ ಮೇಲೆ ಸತ್ಯವನ್ನೆಲ್ಲ ಸುರಿದು, ಬಲವುಳ್ಳವನ ತಪ್ಪಿಗೆ ಕಣ್ಣುಮುಚ್ಚುವ ಚಾಳಿ ಅಂದಿನದೂ ಹೌದು, ಇಂದಿನದೂ ಹೌದು. ಇನ್ನು ಯೇಸು ಮಾಡಿದ್ದೇನು? ಕಲ್ಲು ಹಿಡಿದ ಕೈಗಳೆಲ್ಲ ಹೋದ ಮೇಲೆ, ಅವರಿಬ್ಬರೇ ಉಳಿದಾಗ, ಇನ್ನು ಪಾಪ ಮಾಡಬೇಡ ಎಂದು ಆಕೆಗೆ ತಿಳಿಸಿದರು. ಸತ್ಯವನ್ನು ಬಿಡಲಿಲ್ಲ. ಕಲ್ಲಿಗೆ ಹೆದರದೆ ಆಕೆ ಕೇಳಿಸಿಕೊಳ್ಳುವ ಹೊತ್ತಿಗಾಗಿ ಕಾದರು.

ಇಲ್ಲಿಯವರೆಗೆ ಹೇಳಿದ್ದು ಸಹೋದರ ಸಹೋದರರ ನಡುವಿನ ತಪ್ಪುಗಳ ಮಾತು. ಇನ್ನೊಂದು ಬಗೆಯ ತಪ್ಪುಗಳಿವೆ. ಅಲ್ಲಿ ‘ನೀವಿಬ್ಬರೇ ಕುಳಿತು ಮಾತಾಡಿ’ ಎನ್ನುವುದೇ ದೊಡ್ಡ ಅನ್ಯಾಯ. ದಿನವೂ ಹೊಡೆತ ತಿನ್ನುವ ಹೆಂಡತಿಗೆ, “ಒಂದ್ಸಲ ಹೊಟ್ಟಿಗಿ ಹಾಕ್ಕೊ ತಂಗಿ, ಮನಿತನದ ಮರ್ಯಾದಿ ಅದ” ಎಂದು ಹೇಳಿ ಕಳುಹಿಸುವವರು ದಯಾಳುಗಳಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ 2005ರಿಂದಲೇ ಇದೆ. ರಕ್ಷಣಾಧಿಕಾರಿಯ ಬಳಿ, ಪೊಲೀಸರ ಬಳಿ ಹೋಗುವುದು ಕ್ರೈಸ್ತ ಧರ್ಮಕ್ಕೆ ವಿರುದ್ಧವಲ್ಲ. ಮಗುವಿನ ಮೇಲೆ ಕೈಮಾಡಿದವನು ಚಿಕ್ಕಪ್ಪನಾಗಲಿ, ಶಿಕ್ಷಕನಾಗಲಿ, ಗುರುವೇ ಆಗಲಿ, ಅದನ್ನು ಮನೆಯೊಳಗೆ ತೀರಿಸಿಕೊಳ್ಳುವಂತಿಲ್ಲ. 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮಿನಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೂ ಶಿಕ್ಷಾರ್ಹ. ಧರ್ಮಸಭೆಯೊಳಗೂ ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆಜ್ಞೆಯಂತೆ ಗುರುಗಳು, ಕನ್ಯಾಸ್ತ್ರೀಯರು ಇಂಥ ಸಂಗತಿ ತಿಳಿದಾಗ ಅಧಿಕಾರಿಗಳಿಗೆ ವರದಿ ಮಾಡಬೇಕು. 2023ರಲ್ಲಿ ಅದನ್ನು ಶಾಶ್ವತಗೊಳಿಸಲಾಯಿತು. ಪಾಪನಿವೇದನೆಯ ಮುದ್ರೆ ಬೇರೆ ವಿಷಯ. ಅಲ್ಲಿ ಕೇಳಿದ್ದನ್ನು ಗುರು ಪ್ರಾಣ ಹೋದರೂ ಹೊರಹಾಕುವಂತಿಲ್ಲ. ಆದರೆ ಆ ಮುದ್ರೆಯನ್ನು ಅಡುಗೆಮನೆಗೆ, ಪಾಲನಾ ಪರಿಷತ್ತಿನ ಮೇಜಿಗೆ, ಶಾಲಾ ಕಚೇರಿಗೆ ಎಳೆದುತಂದು, ಎಲ್ಲವೂ ಗುಟ್ಟು ಎನ್ನುವುದಕ್ಕೆ ಆಧಾರವಿಲ್ಲ.

ಕರ್ನಾಟಕದ ಧರ್ಮಸಭೆ ಈ ಪರೀಕ್ಷೆಯನ್ನು ತೀರ ಹತ್ತಿರದಿಂದ ಕಂಡದ್ದು 2013ರಲ್ಲಿ. ಆ ವರ್ಷ ಪಾಸ್ಖ ಹಬ್ಬ ಮಾರ್ಚ್ 31ಕ್ಕೆ ಬಂದಿತ್ತು. ಮರುದಿನ ಬೆಳಿಗ್ಗೆ ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ಅದರ ರೆಕ್ಟರ್ ಆಗಿದ್ದ ಫಾದರ್ ಕೆ.ಜೆ. ಥಾಮಸ್ ಅವರು ಕೊಲೆಯಾಗಿರುವುದು ಕಂಡುಬಂತು. ನಮ್ಮ ರಾಜ್ಯದ ಎಷ್ಟೋ ಗುರುಗಳು ತಯಾರಾದ ಮನೆ ಅದು. ವರ್ಷದ ತರುವಾಯ, 2014ರ ಮಾರ್ಚ್‌ನಲ್ಲಿ ಪೊಲೀಸರು ಬಂಧಿಸಿದವರಲ್ಲಿ ಗುರುಗಳೂ ಇದ್ದರು. ಆರೋಪ ಹೊತ್ತವರು ಅಪರಾಧಿಗಳೆಂದು ಹೇಳುವುದು ನ್ಯಾಯಾಲಯದ ಕೆಲಸ, ಈ ಪುಟದ ಕೆಲಸವಲ್ಲ. ನಾನು ಕೇಳುವುದು ನಮ್ಮ ಬಗ್ಗೆ. ಇಂಥ ಸುದ್ದಿ ಬಂದಾಗ ನಮ್ಮ ಬಾಯಿಂದ ಸಾಮಾನ್ಯವಾಗಿ ಎರಡರಲ್ಲೊಂದು ಮಾತು ಬರುತ್ತದೆ. ಸಭೆಯ ಮಾನ ಹೋಗುತ್ತದೆ, ಮಾತಾಡಬೇಡಿ ಎನ್ನುವವರು ಕೆಲವರು. ಇವರೆಲ್ಲ ಇಷ್ಟೇ ಎಂದು ಎಲ್ಲರ ಮುಖಕ್ಕೂ ಮಸಿ ಬಳಿಯುವವರು ಕೆಲವರು. ತನಿಖೆ ನಡೆಯಲಿ, ಸತ್ತವರಿಗೆ ನ್ಯಾಯ ಸಿಗಲಿ ಎನ್ನುತ್ತಲೇ ಆರೋಪ ಹೊತ್ತವರಿಗಾಗಿಯೂ ಮೊಣಕಾಲೂರುವುದು ಕಷ್ಟ. ಅಳಿದವರ ಬಂಧುಗಳಿಗೆ ಇನ್ನೂ ಕಷ್ಟ. ಅವರಿಗೆ ಬೇಗ ಕ್ಷಮಿಸಿಬಿಡಿ ಎಂದು ದೂರದಲ್ಲಿ ಕುಳಿತು ಬುದ್ಧಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ನೊಂದವರು ತಾವಾಗಿ ಕೊಟ್ಟರೆ ಮಾತ್ರ ಅದು ಕ್ಷಮೆ.

ಹಾಗೆ ಕೊಟ್ಟವರಿದ್ದಾರೆ. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಬಡ ರೈತಕೂಲಿಗಳ ನಡುವೆ ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ಒಡಹುಟ್ಟಿದ ತಂಗಿ, ತಾವೂ ಕನ್ಯಾಸ್ತ್ರೀಯಾದ ಸಿಸ್ಟರ್ ಸೆಲ್ಮಿ ಪೌಲ್, 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. 2006ರಲ್ಲಿ ಅವನು ಬಿಡುಗಡೆಯಾದ. ಆಮೇಲೆ ಕೇರಳಕ್ಕೆ ಹೋಗಿ ಅವರ ತಂದೆತಾಯಿಯನ್ನೂ ಕಂಡ. ರಾಣಿ ಮರಿಯಾ ಅವರಿಗೆ 2017ರ ನವೆಂಬರ್ 4ರಂದು ಧನ್ಯಪದವಿ ದೊರೆಯಿತು. ರಾಖಿಯ ಚಿತ್ರ ನೋಡಿ ನಾವು ಕಣ್ಣೀರು ಹಾಕುತ್ತೇವೆ. ಅದಕ್ಕೆ ಮುಂಚಿನ ಏಳು ವರ್ಷಗಳನ್ನು ಮರೆಯುತ್ತೇವೆ. ಅವನು ಕೊಂದದ್ದು ನ್ಯಾಯಾಲಯದಲ್ಲಿ ರುಜುವಾತಾಗಿತ್ತು, ಅವನು ಜೈಲಿನಲ್ಲಿದ್ದ, ಅವನು ಕೊಂದೇ ಇಲ್ಲವೆಂದು ಯಾರೂ ನಟಿಸಿರಲಿಲ್ಲ. ಸೆಲ್ಮಿ ಅವರು ರಾಖಿ ಕಟ್ಟಿದ್ದು ತನ್ನ ಅಕ್ಕನನ್ನು ಕೊಂದ ಕೈಗೇ, ಅದು ಅದೇ ಕೈ ಎಂದು ತಿಳಿದೇ.

ಗುರುಗಳ ತಪ್ಪಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಎರಡು ಮಾತು. ಅಂತಿಯೋಕ್ಯದಲ್ಲಿ ಸಂತ ಪೌಲರು ಸಂತ ಪೇತ್ರರನ್ನೇ ಮುಖಾಮುಖಿ ಎದುರಿಸಿದರು (ಗಲಾತ್ಯರಿಗೆ 2:11). ಧರ್ಮಸಭೆಯ ಕಾನೂನಿನ 212ನೆಯ ವಿಧಿ ಕೂಡ, ಗೌರವದಿಂದ ತಮ್ಮ ಅಭಿಪ್ರಾಯವನ್ನು ಗುರುಹಿರಿಯರಿಗೆ ತಿಳಿಸುವ ಹಕ್ಕನ್ನು, ಕೆಲವೊಮ್ಮೆ ಕರ್ತವ್ಯವನ್ನೂ, ಭಕ್ತಾದಿಗಳಿಗೆ ಕೊಟ್ಟಿದೆ. ಗುರುಮನೆಯ ಬಾಗಿಲು ತಟ್ಟಿ ಕುಳಿತು ಹೇಳಿ. ಅಲ್ಲಿ ಕೇಳದಿದ್ದರೆ ಧರ್ಮಾಧ್ಯಕ್ಷರ ನಿವಾಸಕ್ಕೂ ದಾರಿಯಿದೆ. ಸಹಿಯಿಲ್ಲದ ಪತ್ರ ಮಾತ್ರ ಬೇಡ. ಎದುರುಬದರು ಕುಳಿತು ಕೇಳಲು, ವಿವರಿಸಲು ಅದರಲ್ಲಿ ಯಾರೂ ಇರುವುದಿಲ್ಲ.

ಈಗ ಹಬ್ಬಕ್ಕೆ ಬರೋಣ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿ ಹೋಗು ಎಂದು ಪ್ರಭು ಹೇಳುವಾಗ (ಮತ್ತಾಯ 5:23-24), ಅಲ್ಲಿ ಮನಸ್ತಾಪ ಇರುವುದು ಆ ಸಹೋದರನಿಗೆ. ಅಂದರೆ ತಪ್ಪು ನನ್ನದಾಗಿದ್ದರೂ ನಾನೇ ಹೊರಡಬೇಕು, ಮತ್ತಾಯ 18ರ ಪ್ರಕಾರ ತಪ್ಪು ಅವನದಾಗಿದ್ದರೂ ನಾನೇ ಹೊರಡಬೇಕು. ಅವನೇ ಬರಲಿ ಎಂದು ಕಾಯುವವರಿಗೆ ಎರಡೂ ಕಡೆ ಜಾಗವಿಲ್ಲ. ಹೋಗುವಾಗ ಹಬ್ಬದ ದಿನವೇ ಹೋಗಬೇಡಿ. ಅಂದು ಮನೆ ತುಂಬ ನೆಂಟರು. ಮಾತು ಒಂದಕ್ಕೆ ನಾಲ್ಕಾಗುತ್ತದೆ. ನವೇನದ ಒಂದು ಸಂಜೆ ಸಾಕು. ಬರಿಗೈಯಲ್ಲಿ ಹೋಗಲು ಮುಜುಗರವೆನಿಸಿದರೆ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದು ಹೋಗಿ. ಹತ್ತು ವರ್ಷದ ಲೆಕ್ಕವನ್ನೆಲ್ಲ ಬಿಚ್ಚದೆ, ನೋಯಿಸಿದ ಆ ಒಂದು ಸಂಗತಿಯನ್ನು ಮಾತ್ರ ಹೇಳಿ, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿ. ಮೊದಲ ಸಲವೇ ಕೂಡಿಬರುತ್ತದೆಂದು ನಾನು ಹೇಳಲಾರೆ. ಎರಡನೆಯ ಸಲ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವ ದಾರಿಯನ್ನು ಪ್ರಭುವೇ ತೋರಿಸಿದ್ದಾರೆ. ಆಗ ಗುರುಗಳನ್ನು ಕರೆಯಿರಿ, ಖಂಡಿತ ಬರುತ್ತೇವೆ.